ಆರನೆಯವನು ದಾಟಿದ ಹೊಳೆ

ಅವರ ಬಲಗೈ ತೋರುಬೆರಳಿಗೆ ತುದಿಗೆಣ್ಣು ಇರಲಿಲ್ಲ. ಬಲೆಯ ಹಗ್ಗ ಯಾವತ್ತೋ ಕೊಂಡೊಯ್ದಿತ್ತು. ಆ ಕೈ ಮೌಸಿನ ಮೇಲೆ ಕೂತರೆ ಅಡಿಯಲ್ಲಿ ಮೌಸ್ ಇದೆ ಎಂದು ಯಾರೂ ಹೇಳುವಂತಿರಲಿಲ್ಲ. ಉಳಿದ ಅರ್ಧ ಬೆರಳು ಒಮ್ಮೊಮ್ಮೆ ಅಲುಗಿ ಟಕ್ ಎನ್ನುತ್ತಿತ್ತು. ಮೌಸ್ ಒಡೆಯಬಹುದು, ಅವರ ಕೊಡೆಯ ನೀರು ಸ್ವಿಚ್‌ಬೋರ್ಡಿಗೆ ಹೋಗಬಹುದು, ಕರೆಂಟು ಹೋಗಿ ಬಂದು ಯುಪಿಎಸ್ ಸಿಡಿಯಬಹುದು, ಕ್ಲಾಸಿನ ಕಂಪ್ಯೂಟರಿನಲ್ಲಿ ಆಟ ಹಾಕಿಕೊಟ್ಟದ್ದು ಮಾಲಕರಿಗೆ ಗೊತ್ತಾಗಿ ನನ್ನ ಕೆಲಸ ಹೋಗಬಹುದು, ಆಮೇಲೆ ಈ ಮನುಷ್ಯ ಪುನಃ ಕಡಲಿಗೆ ಹೋಗಿ, ಗಾಳಿ ಎದ್ದು, ಬೋಟು ಮಗುಚಿ, ಅದರ ಪಾಪವೂ ನನ್ನ ತಲೆಗೇ ಬರಬಹುದು. ಇಷ್ಟನ್ನೂ ನಾನೊಬ್ಬನೇ ಕೂತು ಹೆದರಿ ಮುಗಿಸಿದ್ದೇನೆ. ಒಂದೂ ಆಗಲಿಲ್ಲ. ಆದದ್ದು ಬೇರೆ, ಸಣ್ಣದು.

ತೊಂಬತ್ತೊಂಬತ್ತರ ಮಳೆಗಾಲ. ನಾನು ಕುಂದಾಪುರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಮಾಸ್ತರ. ಅವರು ಗಂಗೊಳ್ಳಿಯ ಒಂದು ಮೀನುಗಾರಿಕೆ ಬೋಟಿನ ತಾಂಡೇಲರು. ಎಂದರೆ ಬೋಟು ನಡೆಸುವವರು, ಅದರಲ್ಲಿದ್ದವರ ಜೀವಕ್ಕೆಲ್ಲ ಹೊಣೆ. ತಂಗಿಯ ಮಗಳನ್ನು ಕ್ಲಾಸಿಗೆ ಸೇರಿಸಿದ್ದರು. ಅವಳ ಪಾಠ ಮುಗಿಯುವವರೆಗೆ ಹೊರಗಿನ ಬೆಂಚಿನಲ್ಲಿ ಕೂತು, ಚಾವನ್ನು ಬಸಿಗೆ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಗಂಗೊಳ್ಳಿಯಲ್ಲಿ ದೋಣಿ ಹತ್ತಿದರೆ ಹೊಳೆಯಾಚೆಯೇ ಕುಂದಾಪುರ. ಅವರು ಮಾತ್ರ ತ್ರಾಸಿ, ಹೆಮ್ಮಾಡಿ ಸುತ್ತಿ ಬಸ್ಸಿನಲ್ಲಿ ಬರುತ್ತಿದ್ದರು. ಕೇಳಿದರೆ, “ದೋಣಿಯೊಳ್ಗೆ ತಲಿ ತಿರ್ಗತ್ತ್” ಎನ್ನುತ್ತಿದ್ದರು. ಮೂವತ್ತು ವರ್ಷ ಕಡಲಲ್ಲೇ ಕಳೆದ ಮನುಷ್ಯ!

ನಾನು ಬಿಡುವಿನಲ್ಲಿ ಆಡುತ್ತಿದ್ದದ್ದು ಹಳೆಯ ಯುದ್ಧದ ಆಟ. ಮೇಲಿಂದ ನೋಡಿದ ಹಾಗೆ ಕಾಡು, ಹೊಳೆ, ವೈರಿಗಳ ಗುಡಿಸಲು. ಅಕ್ಕಿಕಾಳಿನಷ್ಟಿದ್ದ ಆರು ಸಿಪಾಯಿಗಳು ನಾವು ಮೌಸಿನಲ್ಲಿ ತೋರಿಸಿದ ಕಡೆಗೆ ಸಾಲಾಗಿ ಹೋಗುತ್ತಾರೆ, ಸಾಯುತ್ತಾರೆ. ಒಂದು ಹಂತ ಮುಗಿದಾಗ ಪರದೆಯಲ್ಲಿ ಹಸಿರು ಗುಡ್ಡ ಮೂಡುತ್ತದೆ. ಸತ್ತ ಒಬ್ಬೊಬ್ಬನಿಗೂ ಒಂದೊಂದು ಬಿಳಿ ಕಲ್ಲು. ಗುಡ್ಡದ ಬುಡದಲ್ಲಿ ಹೊಸಬರು ಸಾಲು ನಿಂತಿರುತ್ತಾರೆ, ತಮ್ಮ ಪಾಳಿಗೆ ಕಾಯುತ್ತಾ. ನನ್ನ ಗುಡ್ಡ ಬೆಳ್ಳಗಾಗಿತ್ತು.

“ಮಾಸ್ಟ್ರೇ, ಆ ಕಲ್ಲ್ ಎಲ್ಲ ಎಂತ?” ಬೆನ್ನ ಹಿಂದೆಯೇ ಅವರ ಸ್ವರ.

“ಸತ್ತವರು.”

“ಇಷ್ಟೂ ನಿಮ್ದೇ ಕೆಲ್ಸ್ವಾ?”

ನಗುತ್ತಾ ಹೌದೆಂದೆ. ಅವರು ನಗಲಿಲ್ಲ. “ಏಳಿ, ನಾ ಕೂಕಂತೆ” ಎಂದರು.

ಅವರು ಆಡಿದ್ದನ್ನು ಆಟ ಎನ್ನಲು ನಾಲಿಗೆ ಏಳುವುದಿಲ್ಲ. ಗುಂಡು ಹೊಡೆಯುವುದಕ್ಕಿಂತ ಅಡಗಿ ಕೂರುವುದೇ ಹೆಚ್ಚು. ನಾಲ್ಕು ಹೆಜ್ಜೆ ನಡೆಸಿದರೆ ನಿಲ್ಲಿಸಿ ಎಣಿಸಬೇಕು: “ಒಂದ್, ಎರ್ಡ್, ಮೂರ್, ನಾಕ್, ಐದ್, ಆರ್.” ಒಂದು ತಿಂಗಳಾದರೂ ಅವರ ಗುಡ್ಡದಲ್ಲಿ ಒಂದು ಕಲ್ಲೂ ಏಳಲಿಲ್ಲ. ಯಾರೂ ಸಾಯದ ಆ ಬೋಳು ಗುಡ್ಡವನ್ನು ನೋಡಿದರೆ, ಯಾಕೋ, ನನಗೆ ನನ್ನ ಬಿಳಿ ಗುಡ್ಡಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. ನಾನು ಐದೈದು ನಿಮಿಷಕ್ಕೆ ಬಗ್ಗಿ ಆಟವನ್ನು ಸೇವ್ ಮಾಡುತ್ತಿದ್ದೆ, ಕರೆಂಟಿನ ಭಯ. ಅವರು ತಮಾಷೆ ಮಾಡುತ್ತಿದ್ದರು: “ನಿಮ್ಗೆ ಹೆದ್ರುಕೆ ಬೇರೆಂತ ಬೇಕ್ ಮಾರಾಯ್ರೆ, ತಲಿ ಮೇಲ್ ಹೆಂಚಿನ್ ಮಾಡ್ ಇತ್ತ್ ಅಂದ್ರೆ ಸಾಕ್, ಅದ್ ಬೀಳತ್ತ್ ಅಂಬ್ರಿ.”

ಕೊನೆಗೆ ಹೊಳೆಯ ಹಂತ ಬಂತು. ಸಿಪಾಯಿಗಳು ಒಬ್ಬೊಬ್ಬರಾಗಿ ಈಜಿ ದಾಟಬೇಕು. ಈಜುವಾಗ ಬಂದೂಕು ನಡೆಯುವುದಿಲ್ಲ, ಆಚೆಯಿಂದ ಗುಂಡು ಬರುತ್ತದೆ. ಅವರು ದಿನವೂ ಬಂದು, ಆರೂ ಜನರನ್ನು ದಡದಲ್ಲಿ ನಿಲ್ಲಿಸಿ, ನೀರನ್ನೇ ನೋಡುತ್ತಾ ಕೂತು, ಎದ್ದು ಹೋಗುತ್ತಿದ್ದರು.

ಹಾಗೆ ಕೂತಿದ್ದಾಗಲೇ ಒಂದು ದಿನ ಹೇಳಿದರು. ಎರಡು ವರ್ಷದ ಹಿಂದೆ, ಮಳೆ ಮುಸುಕಿದ ಒಂದು ಸಂಜೆ, ಬಲೆ ಎಳೆದಾದ ಮೇಲೆ ಜನ ಎಣಿಸಿ ಬೋಟು ತಿರುಗಿಸಿದ್ದರು. ಅವರನ್ನು ಬಿಟ್ಟು ಆರು ಜನ. “ಆರ್ ತಲಿ ಎಣ್ಸಿದೆ ಮಾಸ್ಟ್ರೇ. ಒಂದ್ ತಲಿ ಅಲ್ಲ. ಗೂಟಕ್ಕೆ ನೇಲ್ಸಿದ್ ಮಳಿಕೋಟ್.” ಒಬ್ಬ ಕಡಲಿಗೆ ಬಿದ್ದದ್ದು ಗೊತ್ತಾಗುವಾಗ ಬಂದರು ಹತ್ತಿರವಾಗಿತ್ತು. ಹೆಣ ಸಿಕ್ಕಲಿಲ್ಲ. ಅಂದಿನಿಂದ ಇವರು ನೀರಿಗೆ ಕಾಲಿಟ್ಟಿಲ್ಲ. ಈಗ ಮಳೆಗಾಲದ ರಜೆ ಮುಗಿದು ಬೋಟುಗಳು ಪುನಃ ಇಳಿಯುವ ದಿನ ಹತ್ತಿರ ಬಂದಿತ್ತು. ಈ ಸಲವೂ ಬಾರದಿದ್ದರೆ ಬೇರೆ ತಾಂಡೇಲನನ್ನು ಇಡುತ್ತೇನೆ ಎಂದು ಬೋಟಿನ ಯಜಮಾನರು ಹೇಳಿ ಕಳಿಸಿದ್ದರು. ಕಡಲು ಬಿಟ್ಟರೆ ಇವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

“ಈ ಆರೂ ಜನ ಹೊಳಿ ದಾಂಟ್ಲಿ. ಆಮೇಲ್ ಕಾಂಬ” ಎಂದರು.

ಮರುದಿನ ಮಧ್ಯಾಹ್ನ ಇಳಿಸಿದರು. ಒಬ್ಬ, ಇಬ್ಬರು, ಐವರು ದಾಟಿದರು. ಆರನೆಯವನು ನಡುನೀರಿನಲ್ಲಿದ್ದಾಗ ಗುಂಡು ಬಿತ್ತು. ಒಂದು ಸಣ್ಣ ಕೆಂಪು ಚುಕ್ಕೆ ಹರಡಿತು, ನೀರು ಮುಚ್ಚಿಕೊಂಡಿತು. ಅವರು ಎದ್ದು ಹೊರಗೆ ಹೋಗಿ, ಮಾಡಿನಿಂದ ಸುರಿಯುವ ನೀರಿಗೆ ಮುಖ ಒಡ್ಡಿ ನಿಂತರು.

ನನ್ನ ಹೆದರಿಕೆ ಜೀವಮಾನದಲ್ಲಿ ಒಮ್ಮೆ ಉಪಯೋಗಕ್ಕೆ ಬಂದದ್ದು ಆಗ. ಆರನೆಯವನು ನೀರಿಗಿಳಿಯುವ ಮೊದಲು ಸೇವ್ ಮಾಡಿದ್ದೆ. ಅಲ್ಲಿಂದ ತೆರೆದು, ಅವನನ್ನು ನಾನೇ ದಾಟಿಸಿದೆ.

ಅವರು ಒಳಗೆ ಬಂದು ಎಣಿಸಿದರು. ಆರು. ಮತ್ತೊಮ್ಮೆ ಎಣಿಸಿದರು.

“ಇವ ಮುಳ್ಗಿದವ ಅಲ್ದಾ?”

“ಮುಳುಗಿದ ಹಾಗೆ ಕಂಡದ್ದಷ್ಟೆ. ಎದ್ದು ಬಂದ” ಎಂದೆ.

ಅರ್ಧ ಬೆರಳನ್ನು ಪರದೆಯ ಮೇಲೆ, ಆ ಸಿಪಾಯಿಯ ಮೈಮೇಲೆ ಇಟ್ಟರು. ತುಂಬ ಹೊತ್ತು ಇಟ್ಟೇ ಇದ್ದರು. “ಬಟ್ಟಿ ಒದ್ದಿ ಆಯ್ಲಿಲ್ಲ” ಎಂದರು, ಯಾರಿಗೋ ಹೇಳುವವರ ಹಾಗೆ. ಆಮೇಲೆ ಹುಡುಗಿಯನ್ನು ಕರೆದುಕೊಂಡು, ಬಸ್‌ಸ್ಟ್ಯಾಂಡಿನ ಕಡೆ ತಿರುಗದೆ, ಸೀದಾ ದೋಣಿಯ ಕಡೆ ನಡೆದರು.

ಮತ್ತೆ ಹನ್ನೆರಡು ವರ್ಷ ಅವರು ಬೋಟು ನಡೆಸಿದರು. ನಾನು ಬ್ರಹ್ಮಾವರದಲ್ಲಿ ಜೆರಾಕ್ಸ್ ಅಂಗಡಿ ಹಾಕಿ, ಅಲ್ಲಿಂದಲೇ ಹೆದರುತ್ತಿದ್ದೆ. ಗಾಳಿ ಬೀಸಿದರೆ ಅವರ ಮನೆಗೆ ಫೋನ್. ಅವರ ಹೆಂಡತಿ, “ಬಂದ್ರ್, ಉಂಡ್ ಮಲ್ಗೀರ್. ನಿಮ್ದ್ ಊಟ ಆಯ್ತಾ?” ಎನ್ನುವರು. ಅವರ ಬೋಟಿನಿಂದ ಒಂದು ಜೀವವೂ ಹೋಗಲಿಲ್ಲ. ಕೊನೆಗೆ ಒಂದು ಜುಲೈಯಲ್ಲಿ, ಬೋಟುಗಳೆಲ್ಲ ದಡದಲ್ಲಿದ್ದಾಗ, ಮನೆಯ ಮಂಚದಲ್ಲೇ ಎದೆನೋವು ಬಂದು ತೀರಿಕೊಂಡರು.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ಹೋಗಿದ್ದೆ. ಉಂಡು ಕೈತೊಳೆಯುತ್ತಿದ್ದಾಗ ಬೋಟಿನ ಅಡುಗೆಯವ ಪಕ್ಕಕ್ಕೆ ಬಂದ. ಹಿಂದೆ ಬೋಟಿನ ಉಳಿದವರೂ ನಿಂತರು.

“ಮಾಸ್ಟ್ರೇ, ನಿಮ್ಮತ್ರ ಒಂದ್ ಕೇಂಬುದಿತ್ತ್. ಮುಳ್ಗಿದವ್ನ್ ಜಾಗಕ್ ಹೊಸಬ ಬಂದ, ತಾಂಡೇಲ್ರ್ ಸೇರಿ ನಾವ್ ಏಳ್ ಜನ. ಬಟ್ಲ್ ಎಂಟ್ ಇಡುದ್. ಹನ್ನೆರ್ಡ್ ವರ್ಷದಿಂದ.”

“ಸತ್ತವನಿಗೆ ಎಡೆಯಾ?”

“ಎಡಿ ಅಲ್ಲ. ಎಡಿ ಸತ್ತವ್ರಿಗ್. ಇದ್ ಊಟ. ತಾಂಡೇಲ್ರ್ ಹೇಳಿರ್, ಮುಳ್ಗಿದವ ಎದ್ ಬಪ್ಪುದ್ ಮಾಸ್ಟ್ರ ಕಂಪ್ಯೂಟ್ರೊಳ್ಗೆ ಕಣ್ಣಾರೆ ಕಂಡಿದೆ, ನಮ್ಮವನೂ ಆವತ್ತೇ ಬಂದಿದ್ದ, ನಾವೇ ಎಣ್ಸುಕ್ ಮರ್ತದ್ ಅಂದೇಳಿ.” ಸ್ವರ ತಗ್ಗಿಸಿದ. “ಕೆಲವ್ ದಿನ ಬಟ್ಲ್ ಖಾಲಿ ಇರತ್ತ್.”

“ಕಡಲಹಕ್ಕಿ ತಿಂದಿರಬಹುದು.”

“ಬಟ್ಲ್ ತೊಳ್ದಿರತ್ತ್ ಮಾಸ್ಟ್ರೇ.”

ನಾನು ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದೆ.

“ಬಪ್ಪ ವಾರ ಬೋಟ್ ಇಳಿಸ್ಕ್. ಈಗ ಅವ್ರೂ ಹೋದ್ರ್, ಹೊಸ ತಾಂಡೇಲ ಬತ್ತ. ಅವ್ರಿಗೂ ಒಂದ್ ಬಟ್ಲ್ ಇಡ್ಕಾ? ಬಟ್ಲ್ ಏಳಾ, ಎಂಟಾ, ಒಂಬತ್ತಾ? ನೀವ್ ಹೇಳಿದ್ಹಾಂಗ್.”

ಆರು ಜನರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಂದು ಕೀಲಿ ಒತ್ತಿದ್ದೆ, ಅಷ್ಟೇ ನಡೆದದ್ದು ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದೆ.

“ಎಂಟು” ಎಂದೆ.