ಹಕಾರದ ಕಾವಲುಗಾರ

ಪ್ರತಿವರ್ಷ ಕಾಲೇಜು ತೆರೆದ ಎರಡನೆಯ ವಾರ ನಮ್ಮಲ್ಲಿ ಒಂದು ಸಂತೆ ನೆರೆಯುತ್ತದೆ. ಮಾರುವವರು ಅಧ್ಯಾಪಕರು, ಕೊಳ್ಳುವವರು ವಿದ್ಯಾರ್ಥಿಗಳು, ಸರಕು ಸಂಘಗಳು. ಚಾಪೆಲ್ಲಿನ ಮುಂದಿನ ಅಂಗಳದಲ್ಲಿ ನೃತ್ಯ ಸಂಘ, ನಾಟಕ ಸಂಘ, ರಸಪ್ರಶ್ನೆ ಸಂಘ, ಗಿಡಗಂಟಿಗಳ ಸಂಘ ಎಂದು ಸಾಲಾಗಿ ಮೇಜುಗಳು. ಕನ್ನಡ ಸಂಘದ ಮೇಜಿನ ಹಿಂದೆ ನಾನು. ನೃತ್ಯ ಸಂಘಕ್ಕೆ ಹೆಸರು ಕೊಡುವವರ ಸಾಲು ನನ್ನ ಮೇಜನ್ನು ಬಳಸಿಕೊಂಡು ಹೋಗುವುದರಿಂದ, ದೂರದಿಂದ ನೋಡುವವರಿಗೆ ನಾನು ಬಹಳ ಜನಪ್ರಿಯ ಮೇಷ್ಟ್ರಂತೆ ಕಾಣುತ್ತೇನೆ. ಆ ಭ್ರಮೆಯನ್ನು ನಾನಾಗಿ ಎಂದೂ ಕೆಡಿಸಲು ಹೋಗಿಲ್ಲ.

ಹೋದ ವರ್ಷ ಆ ಸಾಲಿನಿಂದ ಕವಲೊಡೆದು ನೇರವಾಗಿ ನನ್ನಲ್ಲಿಗೇ ಬಂದವಳು ನೇತ್ರಾವತಿ, ಮೊದಲ ವರ್ಷದ ಬಿ.ಕಾಂ. ಹುಡುಗಿ. ಊರು ದೊಡ್ಡನೆಕ್ಕುಂದಿ. ಅಪಾರ್ಟ್‌ಮೆಂಟುಗಳು ಏಳುವ ಮುಂಚೆ ಅದು ಹಳ್ಳಿಯಾಗಿದ್ದಾಗಿನಿಂದ ಅವರ ಮನೆತನ ಅಲ್ಲೇ ಇದೆ. ಹೆಸರು ಬರೆದು, "ಇಲ್ಲಿ ಮಾತಾಡಕ್ಕೆ ಬಿಡ್ತಾರಾ ಸಾರ್?" ಎಂದು ಕೇಳಿದಳು. "ಮಾತಾಡೋದಕ್ಕೇ ಸಂಘ ಇರೋದಮ್ಮ" ಎಂದು ನಾನು ಉದಾರವಾಗಿ ನುಡಿದೆ. ಆ ಮಾತನ್ನು ಮುರಿಯಲು ನನಗೆ ಬೇಕಾದದ್ದು ಒಂದೇ ವಾರ.

ಜಿಗಣಿಯ ಕಾಲೇಜೊಂದರಲ್ಲಿ ಅಂತರಕಾಲೇಜು ಚರ್ಚಾ ಸ್ಪರ್ಧೆಯಿತ್ತು. ನಗರ ಬೆಳೆಯಬೇಕಾದರೆ ಕೆರೆಗಳು ಬಲಿಯಾಗುವುದು ಅನಿವಾರ್ಯವೇ ಎಂಬುದು ವಿಷಯ. ಅಭ್ಯಾಸದ ದಿನ ಉಳಿದವರು ಮೊಬೈಲ್ ನೋಡಿಕೊಂಡು ಓದಿದರು. ನೇತ್ರಾವತಿ ಬರಿಗೈಯಲ್ಲಿ ಎದ್ದು ನಿಂತಳು.

"ನಮ್ ತಾತ ನೀರುಗಂಟಿ ಆಗಿದ್ರು. ತೂಬು ತೆಗ್ದು ಯಾವ್ ಗದ್ದೆಗೆ ಎಷ್ಟೊತ್ತು ನೀರ್ ಬಿಡ್ಬೇಕು ಅನ್ನೋದು ಅವ್ರ್ ಕೆಲ್ಸ. ಬಡವ್ರ್ ಗದ್ದೆಗೂ ನೀರಿನ್ ಅಕ್ಕು ಇತ್ತು..."

"ಅಕ್ಕು ಅಲ್ಲಮ್ಮ, ಹಕ್ಕು. ಎಲ್ಲಿ, ಇನ್ನೊಮ್ಮೆ ಹೇಳು."

"ಅಕ್ಕು."

"ಹ. ಹಂಸದ ಹ."

"ಅಂಸ..." ಎನ್ನುವಷ್ಟರಲ್ಲಿ ಕೊಠಡಿ ನಗೆಯಲ್ಲಿ ಮುಳುಗಿತು. ಓದುಗ ಮಹಾಶಯರೇ, ನಾನೂ ನಕ್ಕೆ. ಕನ್ನಡದ ಹಕಾರವನ್ನು ಕಾಯಲು ಸಾಕ್ಷಾತ್ ಸರಸ್ವತಿಯೇ ನನ್ನನ್ನು ನೇಮಿಸಿದ್ದಾಳೆಂಬ ಹುಮ್ಮಸ್ಸು ಆಗ ನನ್ನಲ್ಲಿತ್ತು. ಹುಡುಗಿ "ಸರಿ ಸಾರ್" ಎಂದು ಕೂತಳು. ಅವಳ ತಾತ ಬಡವರ ಗದ್ದೆಗೆ ಏನು ಮಾಡುತ್ತಿದ್ದರೆಂದು ನಮ್ಮಲ್ಲೊಬ್ಬರೂ ಕೇಳಲಿಲ್ಲ. ಮುಂದಿನ ವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ.

ನಮ್ಮ ಪ್ರಿನ್ಸಿಪಾಲ್ ಸಿಸ್ಟರ್ ಜೆಸಿಂತಾ ಕೇರಳದವರು. ಕನ್ನಡದಲ್ಲಿ ಸ್ತ್ರೀಲಿಂಗ ಪುಲ್ಲಿಂಗಗಳೆಂಬ ಭೇದಭಾವವನ್ನು ಅವರು ಒಪ್ಪಿದವರಲ್ಲ. ಒಂದು ಮಧ್ಯಾಹ್ನ ನನ್ನ ಕೊಠಡಿಗೇ ಬಂದು, "ಸಾರ್, ಆ ನೇತ್ರಾವತಿ ಯಾಕೆ ಸಂಘ ಬಿಟ್ಟನು?" ಎಂದರು. ನಾನು ಉಚ್ಚಾರಣೆ, ಶುದ್ಧಿ, ಸ್ಪರ್ಧೆಯ ಮಟ್ಟ ಎಂದೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿದರು.

"ನನ್ನ ಕನ್ನಡಕ್ಕೆ ನೀವು ಯಾವತ್ತೂ ನಗಲಿಲ್ಲ. ನಾನು ಪ್ರಿನ್ಸಿಪಾಲ್ ಅಂತ ಅಲ್ಲವಾ?"

ಅಷ್ಟು ಹೇಳಿ, ಮೇಜಿನ ಮೇಲೆ ಓರೆಯಾಗಿದ್ದ ಹಾಜರಿ ಪುಸ್ತಕವನ್ನು ನೇರವಾಗಿಟ್ಟು ಹೊರಟುಹೋದರು. ತರಗತಿಗಳು ಮುಗಿದೊಡನೆ ನಾನು ಹುಡುಗಿಯನ್ನು ಹುಡುಕಿಕೊಂಡು ಹೊರಟೆ.

ನೇತ್ರಾವತಿ ಗಿಡಗಂಟಿಗಳ ಸಂಘ ಸೇರಿದ್ದಳು. ಕಾಲೇಜಿನ ಹಿಂಭಾಗದಲ್ಲಿ, ನುಗ್ಗೆ ಮರದಡಿ ಕೂತು ಬದನೆ ಸಸಿಗಳ ಬುಡ ಸಡಿಲಿಸುತ್ತಿದ್ದಳು. ನನ್ನನ್ನು ಕಂಡು ಎದ್ದಳು. ದಾರಿಯುದ್ದಕ್ಕೂ ನಾನು ಸಿದ್ಧಪಡಿಸಿಕೊಂಡಿದ್ದ ಪರಿಷ್ಕೃತ ಕ್ಷಮಾಯಾಚನೆಯ ಬದಲು ಬೇರೇನೋ ಹೊರಬಂತು.

"ತಪ್ಪಾತವ್ವಾ ನಂದು. ಮಾತಾಡೋ ಹುಡುಗೀನ್ನ ನಡುವ ನಿಂದ್ರಸಬಾರದಿತ್ತು."

ಅವಳು ಕಣ್ಣರಳಿಸಿದಳು. "ಸಾರ್, ನೀವೂ ಇಂಗೆಲ್ಲ ಮಾತಾಡ್ತೀರಾ?"

"ಮನ್ಯಾಗ."

"ಮತ್ತೆ ಇಲ್ಲಿ ಯಾಕ್ ಮಾತಾಡಲ್ಲ?"

ನಾನು ಹಾವೇರಿಯ ಕಡೆಯವನು. ಈ ಊರಿನ ನನ್ನ ಮೊದಲ ತರಗತಿಯಲ್ಲಿ "ಯಾಕ್ರೀ, ಬರ್ಕೊಳ್ಳಾಕತ್ತೀರಿಲ್ಲೋ?" ಎಂದದ್ದಕ್ಕೆ ಹಿಂದಿನ ಬೆಂಚು ಕಿಸಕ್ಕೆಂದಿತ್ತು. ಮರುದಿನದಿಂದಲೇ ಪುಸ್ತಕದ ಕನ್ನಡವನ್ನು ಕೋಟಿನಂತೆ ತೊಟ್ಟವನು, ಇವತ್ತಿಗೂ ಮಹದೇವಪುರದ ಫ್ಲಾಟಿನ ಬಾಗಿಲು ಹಾಕಿಕೊಂಡ ಮೇಲೇ ಅದನ್ನು ಕಳಚುವುದು. ಇದನ್ನು ಹೆಂಡತಿಗೂ ಬಿಡಿಸಿ ಹೇಳಿರಲಿಲ್ಲ. ಬದನೆ ಸಾಲಿನಲ್ಲಿ ನಿಂತು ಆ ಹುಡುಗಿಗೆ ಹೇಳಿದೆ. ಅವಳು ಕೈಯ ಮಣ್ಣನ್ನು ಉದುರಿಸಿಕೊಂಡಳು.

"ನಂಗೆ ಅ ಬರಲ್ಲ ಸಾರ್. ಬರಲಿ ಅಂತ ಕಾದ್ರೆ ಮಾತೇ ಮರ್ತೋಯ್ತದೆ. ಜಿಗಣೀಲೂ ಇಂಗೇ ಮಾತಾಡ್ಲಾ?"

"ಹಂಗ ಮಾತಾಡು" ಎಂದೆ.

ಜಿಗಣಿಯ ಸಭಾಂಗಣದಲ್ಲಿ ಅವಳ ಸರದಿ ಬಂತು. ಮೊದಲ "ಅಕ್ಕು" ಬಂದಾಗಲೇ ಹಿಂದಿನಿಂದ ನಗೆ ಕೇಳಿಸಿತು. ಅವಳು ಮಾತು ನಿಲ್ಲಿಸಿ, ನಗೆ ಬಂದ ಕಡೆಗೊಮ್ಮೆ ನೋಡಿ, ಅದು ಮುಗಿಯುವವರೆಗೆ ಕಾದು, ಮುಂದುವರಿಸಿದಳು.

"ಬೇಸ್ಗೇಲಿ ಕೆರೆ ತಳ ಕಾಣೋವಾಗ ನಮ್ ತಾತ ಮೊದ್ಲು ನೀರ್ ಬಿಡ್ತಿದ್ದಿದ್ದು ಕೊನೇ ಗದ್ದೆಗೆ. ಮುಂದಿರೋರು ಕೇಳಿ ಇಸ್ಕೋತಾರೆ, ಕೊನೇಲಿರೋರ್ಗೆ ಕೇಳಕ್ಕೂ ಬಾಯಿರಲ್ಲ ಅಂತಿದ್ರು. ಈಗ ನಮ್ಮೂರ್ ತುಂಬ ಬಿಲ್ಡಿಂಗ್ ಅವೆ, ನಲ್ಲಿ ಅವೆ. ಕೊನೇಲಿ ಯಾರವ್ರೆ ಅಂತ ನೋಡೋ ನೀರುಗಂಟಿ ಇಲ್ಲ."

ಈ ಸಲ ಯಾರೂ ನಗಲಿಲ್ಲ. ಆದರೆ ಬಹುಮಾನವೂ ಬರಲಿಲ್ಲ. ತೀರ್ಪುಗಾರರ ಹಾಳೆಯಲ್ಲಿ ಅವಳ ಹೆಸರಿನ ಮುಂದೆ 'ವಿಚಾರ ಉತ್ತಮ, ಉಚ್ಚಾರಣೆ ಸುಧಾರಿಸಬೇಕು' ಎಂದು ದುಂಡಗಿನ ಅಕ್ಷರದಲ್ಲಿತ್ತು. ನನಗೆ ಕೋಪ ಬಂತು, ಮರುಕ್ಷಣ ನಾಚಿಕೆಯೂ ಆಯಿತು. ಎರಡು ತಿಂಗಳ ಹಿಂದೆ ಆ ಕುರ್ಚಿಯಲ್ಲಿ ನಾನಿದ್ದರೆ ಅದನ್ನೇ ಬರೆಯುತ್ತಿದ್ದೆ, ಬಹುಶಃ ಇನ್ನೂ ದುಂಡಗೆ.

ಸಂಜೆ ಕಾಲೇಜಿನ ಬಸ್ಸು ರಿಂಗ್ ರೋಡಿನ ದಟ್ಟಣೆಯಲ್ಲಿ ನಿಂತಿತ್ತು. ನನ್ನ ಮುಂದಿನ ಸೀಟಿನಲ್ಲಿ ನೇತ್ರಾವತಿ ಅಮ್ಮನಿಗೆ ಫೋನ್ ಮಾಡಿದ್ದಳು.

"ಇಲ್ಲ ಕಣವ್ವಾ, ಬೌಮಾನ ಬರ್ಲಿಲ್ಲ. ಬಿಡು, ಮುಂದಿನ್ ವರ್ಷನೂ ಏಳ್ತೀನಿ."

ಹೇಳುತ್ತೇನೆ ಎಂದಳೋ, ಏಳುತ್ತೇನೆ ಎಂದಳೋ, ನಾನು ಕೇಳಲು ಹೋಗಲಿಲ್ಲ.