ಹಳದಿಯಾಗದ ನೀರು

ಅವನು ಈಜುಕೊಳದ ನೀರು ನೋಡಿಕೊಳ್ಳುವವನು. ಈಜು ಕಲಿಯಲು ಬರುವ ಮಕ್ಕಳ ಬಾಯಲ್ಲಿ ಕ್ಲೋರಿನ್ ಅಂಕಲ್. ಐವತ್ತು ದಾಟಿ ತಲೆ ಬೋಳಾಗಿದ್ದರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟು. ಹುಳುಹುಪ್ಪಟೆಯ ಮಾತಿರಲಿ, ನೀರಿನಲ್ಲಿ ಪಾಚಿಯ ಒಂದು ಎಳೆಯೂ ಬದುಕದಂತೆ ನೋಡಿಕೊಳ್ಳುವುದರಲ್ಲಿ ಎತ್ತಿದ ಕೈ. ಸಂಬಳ ಕೊಡುತ್ತಿದ್ದುದೇ ಅದಕ್ಕೆ. ಸಣ್ಣ ಗಾಜಿನ ಕೊಳವೆಗೆ ಕೊಳದ ನೀರು ತುಂಬಿ, ಔಷಧಿಯ ಹನಿ ಬಿಟ್ಟಾಗ ಅದು ಹಳದಿಗೆ ತಿರುಗಿದರೆ ಕ್ಲೋರಿನ್ ಇದೆ ಎಂದರ್ಥ. ಆ ಹಳದಿಯನ್ನು ಕಣ್ತುಂಬ ನೋಡಿದ ಮೇಲೇ ಅವನು ಚಹಾ ಕುಡಿಯುತ್ತಿದ್ದ.

ಇಂಥವನ ಮನೆಗೆ ಅಕ್ಕ ಬಂದಳು. ಭಾವ ತೀರಿಕೊಂಡ ಮೇಲೆ ಟೈಲರಿಂಗ್ ಅಂಗಡಿ ಮುಚ್ಚಿ, ತನ್ನ ಹೊಲಿಗೆ ಯಂತ್ರವನ್ನೂ ಭಾವ ಸಾಕಿದ್ದ ಮೀನಿನ ತೊಟ್ಟಿಯನ್ನೂ ಜೊತೆಗೆ ತಂದಳು. ಮದುವೆ ಗಿದುವೆ ಎನ್ನದೆ ಒಂಟಿಯಾಗಿ ಕಾಲ ಕಳೆದಿದ್ದ ತಮ್ಮನಿಗೆ, ಬಾಗಿಲು ತೆಗೆಯುತ್ತಲೇ ಒಳಗಿನಿಂದ "ಬಂದ್ಯೇನೋ?" ಎಂಬ ದನಿ ಕೇಳುವುದೇ ದೊಡ್ಡ ಸುಖವಾಯಿತು. ಆ ಸುಖದಲ್ಲೇ ಎಡವಟ್ಟು ಮಾಡಿಕೊಂಡ. ಅಕ್ಕ ಒಮ್ಮೆ ಇವರ ಕೊನೆಯ ತಂಗಿಯ ಮನೆಗೆ ಹೋಗಿದ್ದಾಗ, ಬಂದವಳು ನೋಡಿ ಖುಷಿಪಡಲಿ ಎಂದು ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಹೊಸ ನೀರು ತುಂಬಿ ಮೀನುಗಳನ್ನು ಮತ್ತೆ ಬಿಟ್ಟ. ಗಾಜೇನೋ ಫಳಫಳ ಹೊಳೆಯಿತು. ಮೀನು ಒಂದೂ ಉಳಿಯಲಿಲ್ಲ.

ಅವಳು ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದ. ಆಮೇಲೊಂದು ದಿನ ಬಟ್ಟೆ ಮಡಚುತ್ತಾ, "ತಂಗಿ ಕರೀತಿದಾಳೆ ಕಣೋ. ಹೋಗಿ ಅಲ್ಲೇ ಇದ್ಬಿಡ್ತೀನಿ" ಅಂದಳು.

"ಇನ್ನೊಂದ್ ಸಲ ನೋಡೋಣ ಅಕ್ಕಾ. ನೀರು ನಾನೇ ಸರಿ ಮಾಡ್ತೀನಿ."

"ನಿನ್ನ ನೀರಲ್ಲಿ ಏನ್ ಬದುಕುತ್ತೋ ಮಾರಾಯ?"

"ಬದುಕೋ ಹಾಗೆ ಮಾಡ್ತೀನಿ."

ಅಕ್ಕ ಮಡಚಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚಿದಳು. "ಮೀನು ಬೇಡಪ್ಪ. ಅವು ತೇಲೋದನ್ನ ಇನ್ನೊಂದ್ ಸಲ ನೋಡೋಕೆ ನನ್ ಕೈಲಾಗಲ್ಲ. ಬೇಕಾದ್ರೆ ಎರಡು ಬಸವನಹುಳು ತಂದು ಬಿಡು. ಅದೂ ನೀರು ಸರಿಹೋದ್ಮೇಲೆ. ಅಲ್ಲೀತನಕ ಇರ್ತೀನಿ. ಅವು ಬದುಕಿದ್ರೆ ಆಮೇಲೆ ನೋಡೋಣ."

ಅಷ್ಟು ಸಿಕ್ಕಿದ್ದೇ ಹೆಚ್ಚು ಎಂದುಕೊಂಡು ಸಾಕುಮೀನಿನ ಅಂಗಡಿಗೆ ಓಡಿದ. ಅಂಗಡಿಯವನು ಹೇಳಿದ್ದು ಕೇಳಿ ಇವನಿಗೆ ತಲೆ ಕೆಟ್ಟಿತು. "ನಲ್ಲಿ ನೀರಿನ ಕ್ಲೋರಿನ್ ಪೂರ್ತಿ ಹೋಗ್ಬೇಕು. ತಾಮ್ರ ಅಂತೂ ಸೋಕಲೇಬಾರದು, ಬಸವನಹುಳಕ್ಕೆ ಅದು ವಿಷ. ಆಮೇಲೆ ಹುಳ ಬಿಡದೇ ಕೆಲವು ವಾರ ಫಿಲ್ಟರ್ ಓಡ್ಲಿ, ಚಿಟಿಕೆ ಚಿಟಿಕೆ ಮೀನಿನ ತಿಂಡಿ ಹಾಕ್ತಾ ಇರಿ. ಅದು ಕೊಳೆತು, ಒಳಗೆಲ್ಲಾ ಜಾರುಜಾರಾಗಿ ಒಂದು ಪದರ ಕೂರುತ್ತೆ. ಅದನ್ನ ಉಜ್ಜಬೇಡಿ. ನೀರನ್ನ ಸರಿಯಾಗಿ ಇಡೋದೇ ಅದು."

ಕೊಳೆ ನೀರನ್ನು ಸರಿಯಾಗಿ ಇಡುತ್ತದಂತೆ! ಇದನ್ನು ಹೇಳಿದರೆ ಕೊಳದ ಮ್ಯಾನೇಜರು ಬಿದ್ದು ಬಿದ್ದು ನಗುತ್ತಾರೆ. ಆದರೂ ಅಂಗಡಿಯವನು ಹೇಳಿದ ಹಾಗೆಯೇ ಮಾಡಿದ. ಕೊಳದ ಬಕೆಟ್‌ಗಳಲ್ಲಿ ಪಾಚಿಗೆಂದು ಮೈಲುತುತ್ತ ಕಲಸಿದ್ದುಂಟು, ಅದೂ ತಾಮ್ರವೇ. ಹಾಗಾಗಿ ಹೊಸ ಬಕೆಟ್ ತಂದ. ನಲ್ಲಿ ನೀರು ಹಿಡಿದು ಬಾಯಿ ತೆರೆದಿಟ್ಟು, ಆಗಾಗ ಕಲಕಿ, ಕೊಳವೆಗೆ ತುಂಬಿ ಹನಿ ಬಿಟ್ಟು ನೋಡಿದ. ತಿಳಿ ಹಳದಿ. ಇನ್ನಷ್ಟು ಕಾದು ನೋಡಿದ. ಇನ್ನೂ ತಿಳಿಯಾದ ಹಳದಿ. ಕೊನೆಗೊಮ್ಮೆ ಹನಿ ಬಿದ್ದರೂ ನೀರು ನೀರಾಗಿಯೇ ಉಳಿಯಿತು. ಕೆಲಸಕ್ಕೆ ಸೇರಿದಂದಿನಿಂದ ಹಳದಿ ಕಂಡು ಖುಷಿಪಟ್ಟ ಮನುಷ್ಯ ಅವತ್ತು ಹಳದಿ ಕಾಣಲಿಲ್ಲವೆಂದು ಕುಣಿದಾಡಿದ.

ಆಮೇಲಿನ ವಾರಗಳೇ ಕಷ್ಟದವು. ಗಾಜಿನ ಮೇಲೆ ಹಸಿರು ಕಾಣಿಸಿಕೊಂಡಂತೆಲ್ಲಾ ಅವನ ಕೈ ತುರಿಸುತ್ತಿತ್ತು. ಅಕ್ಕ ಬ್ರಷ್ಷನ್ನೇ ಬಚ್ಚಿಟ್ಟಳು. "ನಿನ್ನ ನಂಬೋಕಾಗಲ್ಲ" ಅಂದಳು. ತಮಾಷೆಗೇ ಅಂದದ್ದು, ಆದರೂ ಅವನಿಗೆ ಚುರುಕ್ಕೆಂದಿತು.

ಕೊನೆಗೂ ಎರಡು ಬಸವನಹುಳುಗಳು ಬಂದವು. ಚೀಲದ ನೀರಿಗೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಮೆಲ್ಲಗೆ ಒಳಗೆ ಬಿಟ್ಟ. ಎರಡೂ ಚಿಪ್ಪಿನ ಬಾಯಿ ಮುಚ್ಚಿಕೊಂಡು ತಳದಲ್ಲಿ ಕುಳಿತವು. ಸಂಜೆಯಾದರೂ ಅಲ್ಲಾಡಲಿಲ್ಲ. ಬೆಳಗಾದರೂ ಅಲ್ಲಾಡಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರೆ, "ಹೊಸ ಜಾಗ, ಹಾಗೇ ಇರ್ತವೆ. ಅನುಮಾನ ಇದ್ರೆ ಎತ್ತಿ ಮೂಸಿ ನೋಡಿ. ಸತ್ತಿದ್ರೆ ಗಬ್ಬು ನಾತ ಹೊಡಿಯುತ್ತೆ" ಅಂದ.

ಒಂದನ್ನು ಎತ್ತಿ ಮೂಸಿದ. ಏನೂ ಇಲ್ಲ. ಆದರೆ ಅವನ ಮೂಗಿಗೆ ವಾಸನೆ ತಿಳಿಯದೆ ಎಷ್ಟೋ ವರ್ಷಗಳಾಗಿದ್ದವು. ಕ್ಲೋರಿನ್ ಘಾಟು ಕುಡಿದೂ ಕುಡಿದೂ ಮೂಗು ಸತ್ತೇ ಹೋಗಿತ್ತು. ಒಲೆಯ ಮೇಲೆ ಹಾಲು ಸೀದರೂ ಅಕ್ಕನೇ ಕೂಗಿ ಹೇಳಬೇಕು. ಈಗ ಇದನ್ನೂ ಅವಳೇ ಹೇಳಬೇಕು. ಸತ್ತಿದ್ದರೆ ಅವಳು ಇವತ್ತೇ ಹೊರಡುತ್ತಾಳೆ ಎಂದುಕೊಂಡು, ಹೊಲಿಗೆ ಯಂತ್ರದ ಮುಂದೆ ಹೋಗಿ ನಿಂತು ಕೈ ಚಾಚಿದ.

"ಅಕ್ಕಾ, ಇದನ್ನ ಸ್ವಲ್ಪ ಮೂಸಿ ನೋಡು. ನಂಗೆ ಗೊತ್ತಾಗ್ತಿಲ್ಲ."

ಅಕ್ಕ ಯಂತ್ರ ನಿಲ್ಲಿಸಿ, ಕನ್ನಡಕ ತೆಗೆದಿಟ್ಟು, ಅವನ ಅಂಗೈಯನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡಳು. ಒಮ್ಮೆ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಒದ್ದೆ ಮಣ್ಣಿನ ವಾಸನೆ ಕಣೋ. ನಾತ ಗೀತ ಏನಿಲ್ಲ. ಇದಕ್ಕೇನಾಗಿದೆ ಧಾಡಿ? ಮಲಗಿದೆ ಅಷ್ಟೇ."

ಅವಳ ದನಿಗೆ ಎಚ್ಚರವಾಯಿತೋ ಏನೋ, ಚಿಪ್ಪಿನ ಮುಚ್ಚಳ ಕೊಂಚ ಸರಿಯಿತು. ಮೊದಲು ಬೆಳ್ಳಗಿನ ಅಂಚು, ಹಿಂದೆಯೇ ದಾರದಂಥ ಎರಡು ಮೀಸೆ. ಅಂಗೈಯಲ್ಲಿ ತಣ್ಣನೆಯ ಮೆತ್ತನೆಯದೊಂದು ಹರಿದಾಡಿದಾಗ ಅವನಿಗೆ ನಗು ಬಂತು, ಅದರ ಜೊತೆಗೇ ಕಣ್ಣೂ ಒದ್ದೆಯಾಯಿತು.

"ಅಳ್ತಾ ನಿಂತ್ಕೋಬೇಡ, ನೀರಿಗೆ ಬಿಡು ಮೊದ್ಲು!" ಎಂದು ಅಕ್ಕ ಗದರಿದಳು. ಮೀನು ಹೋದ ಮೇಲೆ ಅವಳು ಗದರಿದ್ದು ಅದೇ ಮೊದಲು. ತೊಟ್ಟಿಯ ಮುಂದೆ ಬಂದು ನೋಡಿದರೆ ಇನ್ನೊಂದು ಆಗಲೇ ಗಾಜಿಗೆ ಅಂಟಿಕೊಂಡು ಹಸಿರನ್ನು ಮೇಯುತ್ತಿತ್ತು.

ಅವನು ಅಂಗೈಯಲ್ಲಿದ್ದುದನ್ನೂ ಮೆಲ್ಲಗೆ ನೀರಿಗೆ ಬಿಟ್ಟ. ಆಮೇಲೆ ಅಕ್ಕ, "ತಂಗಿಗೆ ಫೋನ್ ಮಾಡು" ಅಂದಳು.

"ಏನಂತ ಹೇಳ್ಲಿ?"

"ನಾನು ಬರಲ್ಲ ಅಂತ. ಈ ಪಾಪದ ಜೀವಗಳನ್ನ ನಿನ್ನೊಬ್ಬನ ಕೈಗೆ ಒಪ್ಪಿಸಿ ಹೋಗೋಕೆ ನನಗೇನು ತಲೆ ಕೆಟ್ಟಿದ್ಯಾ?"