ಅಂಕಿ ಏರಿದ ದಿನದ ಸಕ್ಕರೆ

ಅತ್ತೆಯ ಮನೆಯಲ್ಲಿ ಒಳ್ಳೆಯ ಸುದ್ದಿ ಬಂದರೆ ಮೊದಲು ಬಾಯಿಗೆ ಸಕ್ಕರೆ, ವಿವರ ಆಮೇಲೆ. ಎಮ್ಮೆ ಈದಾಗ ತಿಂದಿದ್ದೆ. ಬಸವಕಲ್ಯಾಣದ ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಾಗಲೂ ತಿಂದಿದ್ದೆ. ಆದರೆ ಚೆನ್ನಾಗಿ ನೆನಪಿರುವುದು ತಪ್ಪಾಗಿ ತಿಂದ ಸಕ್ಕರೆ. ಚೆನ್ನಾಗಿ ನೆನಪಿದೆ ಎನ್ನಲೂ ಹಿಂಜರಿಕೆ. ದಿನಚರಿ ಬರೆಯುವ ಚಟವಿದ್ದರೂ ಆ ವಾರ ನಾನು ಏನನ್ನೂ ಬರೆದಿಲ್ಲ.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳವು. ನನಗೆ ಮೂವತ್ತೈದು ದಾಟಿತ್ತು, ಮಕ್ಕಳಾಗಿರಲಿಲ್ಲ. ಗಂಡನ ಪರೀಕ್ಷೆಗಳಲ್ಲಿ ದೋಷವೇನೂ ಕಂಡಿರಲಿಲ್ಲ. ಹುಮನಾಬಾದಿನ ಡಾಕ್ಟರಮ್ಮ ನನಗೆ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಪರೀಕ್ಷೆ ಬರೆದುಕೊಟ್ಟರು. ಮುಟ್ಟಾದ ಎರಡನೆಯ ಅಥವಾ ಮೂರನೆಯ ದಿನವೇ ರಕ್ತ ಕೊಡಬೇಕು ಎಂದರು.

ನನ್ನ ಮುಟ್ಟು ಎಂದರೆ ಆ ಮನೆಯಲ್ಲಿ ತಿಂಗಳಿಗೊಮ್ಮೆ ಸದ್ದಿಲ್ಲದೆ ಬರುವ ನಿರಾಸೆ. ಆ ತಿಂಗಳು ಮಾತ್ರ ಅತ್ತೆ ಅದರ ದಾರಿ ಕಾದರು.

“ಬಂತೇನವಾ?”

“ಇನ್ನೂ ಇಲ್ಲತ್ತಿ.”

“ಬ್ಯಾಡಂದಾಗ ಓಡಿ ಬರ್ತದ, ಬೇಕಂದಾಗ ಸೊಕ್ಕು ಮಾಡ್ತದ, ಹಾಳಾದ್ದು!”

“ಬರದಿದ್ರ ಇನ್ನೂ ಛಲೋ ಅಲ್ಲೇನ್ರಿ?”

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. “ಹೌದಲ್ಲಾ! ಹಂಗಾದ್ರ ಬ್ಯಾಡ, ಬರೋದೇ ಬ್ಯಾಡ.”

ಬಂತು. ಇಬ್ಬರೂ ಬಸ್ ಹತ್ತಿ ಹುಮನಾಬಾದಿಗೆ ಹೋಗಿ ರಕ್ತ ಕೊಟ್ಟು ಬಂದೆವು. ಅದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಹೈದರಾಬಾದಿಗೆ ಕಳಿಸಿದರು. ಕೆಲವು ದಿನಗಳ ನಂತರ ಲ್ಯಾಬಿನಿಂದ ಫೋನ್ ಬಂತು: ಅಂಕಿ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ.

ಹಿಂದಿನ ವರ್ಷ ನನ್ನ ಹಿಮೋಗ್ಲೋಬಿನ್ ಇಳಿದಿದ್ದಾಗ ಅತ್ತೆ ಬೆಲ್ಲ, ಶೇಂಗಾ, ಸೊಪ್ಪು ತಿನ್ನಿಸಿ ತಿನ್ನಿಸಿ ಅದನ್ನು ಏರಿಸಿದ್ದರು. ಅಂಕಿ ಏರಿದರೆ ಆರೋಗ್ಯ ಎಂಬುದು ಅವರಿಗೆ ಅಂದಿನಿಂದ ಖಾತ್ರಿ. “ಜಾಸ್ತಿ ಬಂದದೇನ? ನಾ ಹೇಳಿದ್ದಿಲ್ಲೇನು, ಶೇಂಗಾ ಬಿಡಬ್ಯಾಡಂತ!” ಎನ್ನುತ್ತ ನನ್ನ ಬಾಯಿಗೆ ಸಕ್ಕರೆ ಹಾಕಿದರು. ಆಗಲೇ ನನಗೆ ಅನುಮಾನವಿತ್ತು ಎಂದು ಇಂದು ಅನಿಸುತ್ತದೆ. ಇರಲಿಕ್ಕಿಲ್ಲ. ಎಂ.ಎ. ಓದಿದವಳೂ ಖುಷಿಯಿಂದಲೇ ನುಂಗಿರಬೇಕು.

ಮರುದಿನ ಡಾಕ್ಟರಮ್ಮ ಲ್ಯಾಬಿನ ಕಾಗದ ನೋಡಿ ಮೇಜಿನ ಮೇಲಿಟ್ಟರು. ಆಮೇಲೆ ಅತ್ತೆಯನ್ನೇ ಕೇಳಿದರು, “ಅಂಗಳದಾಗ ಇದ್ದವ್ರನ್ನ ಹ್ಯಾಂಗ ಕರೀತೀರಿ?”

“ಮೆಲ್ಲಕ ಕರದ್ರ ಸಾಕಲ್ರಿ.”

“ಹೊಲದ ಆ ತುದಿಗೆ ಇದ್ದವ್ರನ್ನ?”

“ಒದರಬೇಕ್ರಿ.”

“ಅಂಡಾಶಯದಾಗ ತತ್ತಿ ಬೆಳೀಲಿ ಅಂತ ಮೆದುಳು ಈ ಹಾರ್ಮೋನ್ ಕಳಸ್ತದ. ಅದು ಕರಿಯೋ ದನಿ ಇದ್ದಂಗ. ತತ್ತಿ ಬಹಳ ಇದ್ರ ಸಣ್ಣ ದನಿ ಸಾಕು. ಕಡಿಮಿ ಆದಂಗ ದನಿ ಏರ್ತದ. ಇವ್ರದು ಒದರಾಕತ್ತದ.”

ಅವರು ಹೀಗೇ ಹೇಳಿದರೋ, ಹಲವರಿಗೆ ಹೇಳಿ ಹೇಳಿ ನಾನೇ ತಿದ್ದಿದೆನೋ. ಅತ್ತೆ ಕೇಳಿದ್ದು ಮಾತ್ರ ನನ್ನ ಕಲ್ಪನೆಯಲ್ಲ: “ಒದರಿದ್ರ ಒಬ್ಬರಾರ ಬರ್ತಾರೋ ಇಲ್ರೀ?”

“ಬರಬಹುದು. ಎಷ್ಟು ಉಳದಾವ ಅನ್ನೋದರ ಅಂದಾಜು ಕೊಡ್ತದ ಈ ಪರೀಕ್ಷಾ. ಮಗು ಆಗ್ತದೋ ಇಲ್ಲೋ ಅಂತ ಹೇಳಂಗಿಲ್ಲ. ತಡ ಮಾಡಬ್ಯಾಡ್ರಿ.”

ಬಸ್ ನಿಲ್ದಾಣದಲ್ಲಿ ನನ್ನ ಅಳು ತಡೆಯಲಾಗಲಿಲ್ಲ. “ನಿನ್ನಿ ಸಕ್ಕರಿ ಸುಳ್ಳಾಯ್ತಲ್ಲತ್ತಿ” ಎಂದೆ.

“ಸಕ್ಕರಿ ಹ್ಯಾಂಗ ಸುಳ್ಳಾಗ್ತದ? ಸಿಹಿ ಇತ್ತಿಲ್ಲೋ?” ಎಂದು ಸೆರಗಿನಿಂದ ನನ್ನ ಮೂಗೊರೆಸಿದರು, ಸಣ್ಣ ಹುಡುಗಿಗೆ ಒರೆಸಿದ ಹಾಗೆ.

ಮುಂದೆ ಕೆಲವು ವರ್ಷ ಹೈದರಾಬಾದಿಗೆ ಓಡಾಡಿದೆವು. ಇಂಜೆಕ್ಷನ್, ಸ್ಕ್ಯಾನ್, ಮತ್ತೆ ರಕ್ತ. ಗರ್ಭ ನಿಲ್ಲಲಿಲ್ಲ. ಒಂದು ಸಂಜೆ, ಸಾಕು, ಇನ್ನು ಹೋಗುವುದಿಲ್ಲ ಎಂದು ನಾನೂ ಗಂಡನೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆವು. ಮೊಮ್ಮಗುವಿಗಾಗಿ ನನಗಿಂತ ಹೆಚ್ಚು ಕಾದವರಿಗೆ ಅದನ್ನು ಹೇಳುವುದು ಸುಲಭವಿರಲಿಲ್ಲ. ಅತ್ತೆ ಎದ್ದು ಡಬ್ಬಿ ತೆಗೆದು ನನ್ನ ಬಾಯಿಗೆ ಸಕ್ಕರೆ ಹಾಕಿದರು.

“ಇದು ಯಾತಕ್ಕತ್ತಿ?”

“ಇನ್ನ ಮ್ಯಾಲ ನಿನಗ ಸೂಜಿ ಚುಚ್ಚಂಗಿಲ್ಲಲ್ಲ, ಅದಕ್ಕ.”